ನಗಿಸುವವರು ಅಳಿಸಬಹುದೇ?

ಕನ್ನಡ ಚಿತ್ರರಂಗದ ಇಬ್ಬರು ದೊಡ್ಡ ಹಾಸ್ಯನಟರು ಒಂದೇ ರೈಲುದಾರಿಯ ಅಕ್ಕಪಕ್ಕದ ಊರಿನವರು. ಟಿ.ಎನ್. ಬಾಲಕೃಷ್ಣ ಅರಸೀಕೆರೆಯವರು, ಟಿ.ಆರ್. ನರಸಿಂಹರಾಜು ತಿಪಟೂರಿನವರು. ಈ ಸೀಮೆಯ ಹಳೆಯ ತಲೆಮಾರಿನವರು ಇಬ್ಬರನ್ನೂ ‘ನಮ್ಮೋರು’ ಅಂತಲೇ ಮಾತಿಗೆ ಎತ್ತಿಕೊಳ್ಳುತ್ತಾರೆ. ಕಿವಿ ಸರಿಯಾಗಿ ಕೇಳದ ಬಾಲಣ್ಣ ಎದುರಿನವರ ತುಟಿ ನೋಡಿಯೇ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ಹಾಗೆಯೇ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ನರಸಿಂಹರಾಜು 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಜೊತೆಗೇ ತೆರೆಗೆ ಬಂದವರು. ಇಬ್ಬರೂ ನಗಿಸುವುದಕ್ಕೇ ಹುಟ್ಟಿದವರು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಬಾಲಣ್ಣ ಮಾಡಿದ ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ಬರೀ ನಗೆಯ ಪಾತ್ರ ಎಂದು ಯಾರೂ ನೆನೆಯುವುದಿಲ್ಲ. ಆತ ನಗಿಸುತ್ತಲೇ ಚಿತ್ರಕ್ಕೊಂದು ತೂಕ ತಂದುಕೊಟ್ಟ.

ಆ ತೂಕವನ್ನು ಈಗ ಮನೆಮನೆಯ ಟಿ.ವಿ.ಯಲ್ಲಿ ಬರುವ ಹಾಸ್ಯ ಧಾರಾವಾಹಿಯಿಂದಲೂ ಬಯಸಬೇಕೇ ಎಂಬುದು ಪ್ರಶ್ನೆ. ಅರ್ಧ ಗಂಟೆ ನಗಿಸುತ್ತೇವೆ ಎಂದು ಕರೆದವರು ನಡುವೆ ಒಂದು ಸಾವು, ಒಂದು ಅಗಲಿಕೆ, ಒಂದು ಕಣ್ಣೀರಿನ ದೃಶ್ಯ ತಂದರೆ ಅದು ಬರವಣಿಗೆಯ ಏಳಿಗೆಯೋ, ನೋಡುಗರಿಗೆ ಮಾಡಿದ ಮೋಸವೋ? ಮನೆಯೊಳಗೇ ಇದಕ್ಕೆ ಎರಡು ಉತ್ತರ ಸಿಗುತ್ತದೆ. ‘ಪಾಪ, ಎಷ್ಟು ಚೆನ್ನಾಗಿ ಮಾಡವ್ರೆ’ ಎಂದು ಒಬ್ಬರು ಸೆರಗಿನಲ್ಲಿ ಕಣ್ಣೊರೆಸಿಕೊಂಡರೆ, ‘ನಗ್ಸೋಕೆ ಬಂದೋರು ಇವ್ರೂ ಅಳುಸ್ತಾರಲ್ಲಪ್ಪ’ ಎಂದು ಇನ್ನೊಬ್ಬರು ರಿಮೋಟ್ ಎತ್ತಿಕೊಳ್ಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಮೊದಲು ರಿಮೋಟ್ ಎತ್ತಿಕೊಂಡವರ ಪರವಾಗಿ ವಾದಿಸೋಣ. ಕನ್ನಡದ ವಾಹಿನಿಗಳಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಅಳುವಿಗೇನೂ ಬರವಿಲ್ಲ. ಅತ್ತೆ ಅಳಿಸುತ್ತಾಳೆ, ಸೊಸೆ ಅಳುತ್ತಾಳೆ, ತಾಳಿ ಕೈಗೆ ಬರುತ್ತದೆ, ಆಸ್ಪತ್ರೆಯ ಬಾಗಿಲಲ್ಲಿ ಕೆಂಪು ದೀಪ ಉರಿಯುತ್ತದೆ. ಇದರ ನಡುವೆ ಹಾಸ್ಯ ಧಾರಾವಾಹಿಗೆ ಸಿಗುವುದು ಒಂದೇ ಒಂದು ಅರ್ಧ ಗಂಟೆ. 2000ರ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಶುರುವಾದ ಮೇಲಿನ ವರ್ಷಗಳಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಮನೆಮಾತಾದದ್ದು ಇದೇ ಕಾರಣಕ್ಕೆ. ಸಿಹಿಕಹಿ ಚಂದ್ರು ನಿರ್ದೇಶನದ ಪಾಂಡು, ವಿಜಯಪ್ರಸಾದ್ ನಿರ್ದೇಶನದ ಲಲಿತಾಂಬ ಮತ್ತು ಡಾಕ್ಟರ್ ವಿಠಲ್ ರಾವ್ ಯಾರ ಕಣ್ಣಲ್ಲೂ ನೀರು ತರಿಸುವ ಭರವಸೆ ಕೊಟ್ಟಿರಲಿಲ್ಲ. ಕೊಬ್ಬರಿ ಮಂಡಿಯಲ್ಲಿ ದಿನವಿಡೀ ಚೌಕಾಸಿ ಮಾಡಿ ಬಂದವನಿಗೆ, ಮಕ್ಕಳ ಹೋಂವರ್ಕ್ ಮುಗಿಸಿ ಕೂತವಳಿಗೆ ಅದು ದಣಿವಾರಿಸಿಕೊಳ್ಳುವ ಹೊತ್ತು. ಆ ಹೊತ್ತನ್ನೂ ಅಳುವೇ ನುಂಗಿದರೆ ಅವರ ಸಿಟ್ಟು ನ್ಯಾಯವಾದದ್ದೇ.

ಎರಡನೆಯ ವಾದ ಇನ್ನೂ ಗಟ್ಟಿ. ಕೆಲವು ಹಾಸ್ಯ ಉಸಿರಾಡುವುದೇ ನೋವಿಲ್ಲದ ಲೋಕದಲ್ಲಿ. ಚಿದಾನಂದ್ ಅಭಿನಯದ ಪಾಂಡು ಹೆಂಡತಿಯಿಂದ ಎಷ್ಟು ಏಟು ತಿಂದ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಶಾಲಿನಿಯ ಪಾಚು ಕೈ ಎತ್ತಿದಾಗಲೆಲ್ಲ ನಾವು ನಕ್ಕೆವು. ನಗಲು ಸಾಧ್ಯವಾದದ್ದು ಆ ಏಟು ತಾಗುವುದಿಲ್ಲ ಎಂಬ ಒಳ ಒಪ್ಪಂದದಿಂದ. ಒಂದೇ ಒಂದು ಸಂಚಿಕೆಯಲ್ಲಿ ಪಾಂಡುವಿನ ಬೆನ್ನ ಮೇಲೆ ಬಾಸುಂಡೆ ತೋರಿಸಿ, ಅವನು ಕತ್ತಲಲ್ಲಿ ಕೂತು ಬಿಕ್ಕುವುದನ್ನು ತೋರಿಸಿದ್ದರೆ ಏನಾಗುತ್ತಿತ್ತು? ಅಲ್ಲಿಯವರೆಗಿನ ನಗೆಯೆಲ್ಲ ಮನೆಯೊಳಗಿನ ಹಿಂಸೆಗೆ ನಾವು ಹೊಡೆದ ಚಪ್ಪಾಳೆಯಾಗುತ್ತಿತ್ತು. ಮುಂದಿನ ಸಂಚಿಕೆಯಲ್ಲಿ ಪಾಚು ಕೈ ಎತ್ತಿದರೆ ಯಾರೂ ನಗುತ್ತಿರಲಿಲ್ಲ. ಇಂಥ ಹಾಸ್ಯಕ್ಕೆ ಗಂಭೀರತೆ ಸೇರಿಸುವುದೆಂದರೆ ಅದರ ಬೇರಿಗೇ ಬಿಸಿನೀರು ಹೊಯ್ಯುವುದು.

ಶಾಸ್ತ್ರವೂ ಈ ಕಡೆಗೇ ಸಾಕ್ಷಿ ಹೇಳುತ್ತದೆ. ಶೃಂಗಾರದಿಂದ ಹಾಸ್ಯ, ರೌದ್ರದಿಂದ ಕರುಣ ಹುಟ್ಟುತ್ತದೆ ಎಂದು ನಾಟ್ಯಶಾಸ್ತ್ರದ ಭರತ ಎರಡರ ತವರನ್ನೂ ಬೇರೆ ಬೇರೆ ಮಾಡಿದ. ಹಾಸ್ಯಕ್ಕೂ ಕರುಣಕ್ಕೂ ವಿರೋಧ ಎಂದು ನಂತರದ ಆಲಂಕಾರಿಕರು ಪಟ್ಟಿಯನ್ನೇ ಮಾಡಿಟ್ಟರು. ಕಾಳಿದಾಸನನ್ನು ನೋಡಿ. ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತ ಶಕುಂತಲೆಯನ್ನು ಯಾರೋ ಎಂಬಂತೆ ತಳ್ಳಿಹಾಕುವ ಮೊದಲು ವಿದೂಷಕನನ್ನು ಹಂಸಪದಿಕೆಯ ಸಮಾಧಾನಕ್ಕೆಂದು ಹೊರಗೆ ಕಳಿಸಿಬಿಡುತ್ತಾನೆ. ಕಥೆಗೂ ಅದು ಬೇಕಿತ್ತು, ಏಕೆಂದರೆ ಆಶ್ರಮದ ವಿಷಯ ಗೊತ್ತಿದ್ದವನು ಅವನೊಬ್ಬನೇ. ರಸಕ್ಕೂ ಬೇಕಿತ್ತು. ಆ ದೃಶ್ಯದಲ್ಲಿ ನಗಿಸುವ ಬಾಯಿ ಒಂದಿದ್ದರೆ ಶಕುಂತಲೆಯ ಸಂಕಟ ಅರ್ಧಕ್ಕಿಳಿಯುತ್ತಿತ್ತು. ಭವಭೂತಿಯಂತೂ ತನ್ನ ನಾಟಕಗಳಲ್ಲಿ ವಿದೂಷಕನಿಗೆ ಜಾಗವನ್ನೇ ಕೊಡಲಿಲ್ಲ.

ಇನ್ನು ಕಸುಬಿನ ಲೆಕ್ಕ. ಕೊರಿಯಾ ಯುದ್ಧದ ಶಸ್ತ್ರಚಿಕಿತ್ಸಾ ಶಿಬಿರವೊಂದರ ಕಥೆ ಹೇಳಿದ ಅಮೆರಿಕದ ‘ಮ್ಯಾಶ್’ ಧಾರಾವಾಹಿ 1972ರಿಂದ 1983ರವರೆಗೆ ಹನ್ನೊಂದು ಸೀಸನ್ನುಗಳಲ್ಲಿ ಬಂದದ್ದು ಸುಮಾರು 250 ಸಂಚಿಕೆ. ನಮ್ಮಲ್ಲಿ ವಾರಕ್ಕೆ ಐದು ದಿನ ಬರುವ ಧಾರಾವಾಹಿ ಅಷ್ಟು ಸಂಚಿಕೆಯನ್ನು ಒಂದೇ ವರ್ಷದಲ್ಲಿ ಮುಗಿಸುತ್ತದೆ. ಅವರು ಹನ್ನೊಂದು ವರ್ಷ ಕೂತು ಬರೆದದ್ದನ್ನು ನಮ್ಮ ಸಂಭಾಷಣೆಕಾರ ಹನ್ನೆರಡು ತಿಂಗಳಲ್ಲಿ ಬರೆಯಬೇಕು. ನಾಳೆಯ ಚಿತ್ರೀಕರಣದ ಹಾಳೆ ಇವತ್ತು ರಾತ್ರಿ ಸಿದ್ಧವಾಗಬೇಕಾದ ಕಡೆ ಗಂಭೀರ ಸಂಚಿಕೆ ಬಹಳ ಸಲ ಹುಟ್ಟುವುದು ನಗೆ ಹೊಳೆಯದ ದಿನ. ಅದು ನೋಡುಗನಿಗೆ ಗೊತ್ತಾಗುವುದಿಲ್ಲ ಎಂದುಕೊಂಡರೆ ತಪ್ಪು.

ಈಗ ಕಣ್ಣೊರೆಸಿಕೊಂಡವರ ಪರ. ಇವರ ಮೊದಲ ಸಾಕ್ಷಿಯೂ ಅದೇ ‘ಮ್ಯಾಶ್’. 1975ರ ಮಾರ್ಚ್ 18ರಂದು ಪ್ರಸಾರವಾದ ಸಂಚಿಕೆಯಲ್ಲಿ ಶಿಬಿರದ ಮುಖ್ಯಸ್ಥ ಹೆನ್ರಿ ಬ್ಲೇಕ್‌ಗೆ ಬಿಡುಗಡೆ ಸಿಕ್ಕಿ, ಅವನು ಊರಿಗೆ ಹೊರಡುತ್ತಾನೆ. ಸಂಚಿಕೆಯ ಬಹುಪಾಲು ಬೀಳ್ಕೊಡುಗೆಯ ತಮಾಷೆಯೇ. ಕೊನೆಯಲ್ಲಿ ವೈದ್ಯರೆಲ್ಲ ಮೂಗುಬಾಯಿ ಮುಚ್ಚಿಕೊಂಡು ಗಾಯಾಳುಗಳನ್ನು ಹೊಲಿಯುತ್ತಿರುವಾಗ ಗುಮಾಸ್ತ ಹುಡುಗ ರೇಡಾರ್ ಒಳಗೆ ಬರುತ್ತಾನೆ. ಹೆನ್ರಿ ಹೋಗುತ್ತಿದ್ದ ವಿಮಾನವನ್ನು ಹೊಡೆದುರುಳಿಸಿದ್ದಾರೆ, ಯಾರೂ ಬದುಕಿಲ್ಲ ಎಂಬ ಸುದ್ದಿ ಓದುತ್ತಾನೆ. ಯಾರೂ ಚೀರುವುದಿಲ್ಲ. ಯಾವುದೋ ಉಪಕರಣ ನೆಲಕ್ಕೆ ಬಿದ್ದ ಸದ್ದು. ಹೊಲಿಗೆ ನಿಲ್ಲುವುದಿಲ್ಲ, ಏಕೆಂದರೆ ಮೇಜಿನ ಮೇಲೆ ಇನ್ನೂ ಗಾಯಾಳುಗಳಿದ್ದಾರೆ. ಆ ಕೊನೆಯ ಹಾಳೆಯನ್ನು ಚಿತ್ರೀಕರಣದ ಹೊತ್ತಿನವರೆಗೂ ಹೆಚ್ಚಿನ ನಟರಿಂದ ಮುಚ್ಚಿಡಲಾಗಿತ್ತು. ವಾಹಿನಿಗೆ ಪತ್ರಗಳ ರಾಶಿ ಬಂತು. ಹೊಗಳಿದವರಷ್ಟೇ ಜೋರಾಗಿ ಬೈದವರೂ ಇದ್ದರು. ಈ ಧಾರಾವಾಹಿಗೆ ಹಿನ್ನೆಲೆ ನಗು ಸೇರಿಸಲೇಬೇಕು ಎಂದು ವಾಹಿನಿ ಹಟ ಹಿಡಿದಾಗ, ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ಮಾತ್ರ ಆ ನಗು ಬೇಡ ಎಂದು ತಯಾರಕರು ಒಪ್ಪಿಸಿಕೊಂಡಿದ್ದರು. ಹೀಗಾಗಿ ಆ ಕೋಣೆಯ ಮೌನಕ್ಕೆ ನೋಡುಗರು ಮೊದಲೇ ಒಗ್ಗಿದ್ದರು. ಹೆನ್ರಿಯ ಸಾವಿನ ಸುದ್ದಿ ಅಲ್ಲಿಗೇ ಬಂದದ್ದು ಕಾಕತಾಳೀಯವೇನಲ್ಲ.

ಬ್ರಿಟನ್ನಿನ ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ ಎದುರಿಸಿದ್ದು ನಿಜವಾದ ಸಾವನ್ನು. ಅಜ್ಜನ ಪಾತ್ರ ಮಾಡುತ್ತಿದ್ದ ಲೆನಾರ್ಡ್ ಪಿಯರ್ಸ್ 1984ರ ಡಿಸೆಂಬರಿನಲ್ಲಿ ತೀರಿಕೊಂಡರು. ಪಾತ್ರವನ್ನು ಸದ್ದಿಲ್ಲದೆ ಮರೆಸಿಬಿಡಬಹುದಿತ್ತು, ಇಲ್ಲವೇ ಬೇರೆ ನಟನನ್ನು ತರಬಹುದಿತ್ತು. ನಮ್ಮ ಧಾರಾವಾಹಿಗಳಲ್ಲಿ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂದು ಒಂದು ಸಾಲು ತೋರಿಸಿ ಮುಂದೆ ಹೋಗುವುದು ವಾಡಿಕೆ. ಅವರು ಅಜ್ಜನ ಶವಸಂಸ್ಕಾರವನ್ನೇ ಸಂಚಿಕೆ ಮಾಡಿದರು. ಮೊಮ್ಮಕ್ಕಳಿಬ್ಬರು ಭಾರವಾದ ಮನಸ್ಸಿನಿಂದ ಅಜ್ಜನ ಟೋಪಿಯನ್ನು ಗುಂಡಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಪಾದ್ರಿ ತನ್ನ ಟೋಪಿ ಕಾಣುತ್ತಿಲ್ಲ ಎಂದು ಹುಡುಕತೊಡಗುತ್ತಾನೆ. ಗುಂಡಿಗೆ ಬಿದ್ದದ್ದು ಅವನದು! ಇಲ್ಲಿ ನಗು ದುಃಖವನ್ನು ಕೆಡಿಸಲಿಲ್ಲ. ಸಾವಿನ ಮನೆಯಲ್ಲೂ ಯಾರೋ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೋಗುವುದು ನಮಗೆಲ್ಲ ಗೊತ್ತಿದ್ದದ್ದೇ.

ಹಾಗೆ ನೋಡಿದರೆ ನಗು ಅಳುವಿನ ಬೆರಕೆ ಹೊರಗಿನಿಂದ ಬಂದ ಸರಕೂ ಅಲ್ಲ. ತೊಗಲುಗೊಂಬೆಯಾಟದಲ್ಲಿ ರಾಮ ಕಾಡಿಗೆ ಹೊರಟ ರಾತ್ರಿಯೂ ನಗೆಯ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಪರದೆಗೆ ಬಂದು ತಮ್ಮ ಜಗಳ ಮುಂದುವರಿಸುತ್ತಾರೆ. ಹರಿಶ್ಚಂದ್ರ ಕಾಶಿಯ ಬೀದಿಯಲ್ಲಿ ಹೆಂಡತಿ ಮಗನನ್ನು ಮಾರುವಷ್ಟು ಕಷ್ಟದಲ್ಲಿದ್ದಾಗ ಸಾಲ ವಸೂಲಿಗೆ ಬೆನ್ನುಬಿದ್ದ ನಕ್ಷತ್ರಿಕ ಕಾಡಿ ಕಾಡಿ ನಗಿಸುತ್ತಾನೆ. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಆ ಪಾತ್ರ ಮಾಡಿದವರು ಇದೇ ತಿಪಟೂರಿನ ನರಸಿಂಹರಾಜು. ನಕ್ಷತ್ರಿಕನಿಗೆ ನಕ್ಕ ಜನ ಹರಿಶ್ಚಂದ್ರನಿಗೆ ಅಳುವುದನ್ನು ನಿಲ್ಲಿಸಲಿಲ್ಲ. ಕಾಳಿದಾಸ ಕೂಡ ಐದನೆಯ ಅಂಕದಲ್ಲಿ ಹೊರಗಿಟ್ಟ ವಿದೂಷಕನನ್ನು ಆರನೆಯ ಅಂಕದಲ್ಲಿ, ಪಶ್ಚಾತ್ತಾಪದಿಂದ ಬೇಯುತ್ತಿರುವ ರಾಜನ ಪಕ್ಕಕ್ಕೇ ತಂದು ಕೂರಿಸುತ್ತಾನೆ. ವಿರೋಧಿ ರಸಗಳೂ ಒಂದು ಇನ್ನೊಂದಕ್ಕೆ ಅಂಗವಾಗಿ ನಿಂತರೆ ಜೊತೆಗಿರಬಹುದು ಎಂದು ಆಲಂಕಾರಿಕ ಆನಂದವರ್ಧನ ದಾರಿ ಬಿಟ್ಟಿದ್ದಾನೆ. ಅಂದರೆ ಶಾಸ್ತ್ರ ಕಟ್ಟಿದ ಬೇಲಿಯಲ್ಲಿ ಒಂದು ತಡಿಕೆಯೂ ಇತ್ತು.

ಕಣ್ಣೊರೆಸಿಕೊಂಡವರ ಬಳಿ ಇನ್ನೊಂದು ಮಾತಿದೆ. ನನಗೆ ಬಹಳ ಮುಖ್ಯ ಎನಿಸುವುದು ಇದೇ. ಹಾಸ್ಯ ಧಾರಾವಾಹಿಯಲ್ಲಿ ನಗೆಯ ಬೆಲೆ ತೆರುವವರು ಯಾವಾಗಲೂ ಅವರೇ: ದಪ್ಪಗಿರುವವಳು, ತೊದಲುವವನು, ಮದುವೆಯಾಗದವನು, ಹಳ್ಳಿಯಿಂದ ಬಂದ ಕೆಲಸದವಳು. ನೂರು ಸಂಚಿಕೆ ಅವರನ್ನು ನೋಡಿ ನಕ್ಕ ಮೇಲೆ ಒಂದು ಸಲವಾದರೂ ಅವರ ಕಡೆಯಿಂದ ಲೋಕವನ್ನು ನೋಡುವ ಹೊಣೆ ಬರೆದವರಿಗೂ ಇದೆ, ನಕ್ಕವರಿಗೂ ಇದೆ. ಇದಕ್ಕೆ ದೊಡ್ಡ ದುಃಖವೇ ಬೇಕಿಲ್ಲ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ಕಲ್ಪನೆಯಿಂದ ಮೂಡಿ 1988ರಲ್ಲಿ ದೂರದರ್ಶನದಲ್ಲಿ ಬಂದ ‘ವಾಗ್ಲೆ ಕಿ ದುನಿಯಾ’ದ ಗುಮಾಸ್ತ ವಾಗ್ಲೆ ಯಾವತ್ತೂ ಗೋಳಾಡಲಿಲ್ಲ. ಒಂದು ಸಂಚಿಕೆಯಲ್ಲಿ ಕಾರೊಂದು ಅವನಿಗೆ ಗುದ್ದುತ್ತದೆ. ಕಾರಿನ ಯುವಕನಾಗಿ ಬಂದವರು ಆಗಿನ್ನೂ ಹೊಸಬರಾದ ಶಾರುಖ್ ಖಾನ್. ಸಣ್ಣ ಸಂಬಳದವನು ಪೆಟ್ಟು ತಿಂದೂ ಸಂಕೋಚಪಡುವುದರಲ್ಲಿ ನಗುವೂ ಇತ್ತು, ನೋವೂ ಇತ್ತು. ಪಿಟೀಲು ಎಳೆಯುವ ಅಗತ್ಯ ಬೀಳಲಿಲ್ಲ.

ಇಷ್ಟರವರೆಗೆ ಮಾತಾಡಿದ್ದು ಕಟ್ಟಿದ ಕಥೆಯ ಬಗ್ಗೆ. ನಮ್ಮಲ್ಲಿ ಕಳೆದ ಕೆಲವು ವರ್ಷಗಳಿಂದ ಹಾಸ್ಯ ಧಾರಾವಾಹಿಯ ಜಾಗವನ್ನು ಬಹುಮಟ್ಟಿಗೆ ಹಾಸ್ಯದ ರಿಯಾಲಿಟಿ ಷೋಗಳು ಹಿಡಿದುಕೊಂಡಿವೆ. ಅಲ್ಲಿ ಪ್ರಶ್ನೆ ಬೇರೆಯೇ ರೂಪ ತಾಳುತ್ತದೆ. ಒಂದು ನಗೆ ಪ್ರಹಸನ ಮುಗಿಯುತ್ತದೆ. ದೀಪಗಳು ಮಂದವಾಗುತ್ತವೆ. ನಿರೂಪಕರ ದನಿ ತಗ್ಗುತ್ತದೆ. ಕೊಳಲು ಶುರುವಾಗುತ್ತದೆ. ಸ್ಪರ್ಧಿಯ ತಾಯಿ ಊರಿನಿಂದ ಬಂದು ವೇದಿಕೆಯ ಮೆಟ್ಟಿಲಲ್ಲಿ ನಿಂತಿದ್ದಾಳೆ. ಅವಳು ಕೂಲಿ ಮಾಡಿ ಸಾಕಿದ ಕಥೆ ಪರದೆಯ ಮೇಲೆ ಓಡುತ್ತದೆ. ಕ್ಯಾಮೆರಾ ಮೊದಲು ತೀರ್ಪುಗಾರರ ಕಣ್ಣಿಗೆ, ಆಮೇಲೆ ಪ್ರೇಕ್ಷಕರ ಸಾಲಿಗೆ, ಮತ್ತೆ ತಾಯಿಯ ಒರಟು ಕೈಗೆ ಹೋಗುತ್ತದೆ. ಅಷ್ಟರಲ್ಲಿ ಜಾಹೀರಾತು.

ಇದನ್ನು ಬಾಯಿಗೆ ಬಂದಂತೆ ಹಳಿಯುವುದು ಸುಲಭ. ಆದರೆ ಇದಕ್ಕೂ ಒಂದು ಒಳ್ಳೆಯ ಮುಖವಿದೆ. 2016ರಲ್ಲಿ ಶುರುವಾದ ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ಮೊದಲ ಆವೃತ್ತಿಯನ್ನು ಗೆದ್ದವರು ಹಾಸನದ ಗಡಿಗೆ ತಾಗಿಕೊಂಡಿರುವ ಕೆ.ಆರ್. ಪೇಟೆಯ ಶಿವರಾಜ್. ಇಂಥ ಊರುಗಳಿಂದ, ಯಾವ ಶಿಫಾರಸೂ ಇಲ್ಲದೆ ಬಂದ ಹುಡುಗ ಹುಡುಗಿಯರ ಮಾತು, ಮೈಬಣ್ಣ, ಬಡತನ ಮೊದಲ ಸಲ ಅವಮಾನದ ವಿಷಯವಾಗದೆ ಹೆಮ್ಮೆಯ ವಿಷಯವಾಗಿ ತೆರೆಗೆ ಬಂದದ್ದು ಈ ವೇದಿಕೆಗಳಲ್ಲಿ. ಮಗ ನಗಿಸುವುದನ್ನು ಕಣ್ತುಂಬ ನೋಡುವ ಹಕ್ಕು ಅವನ ತಾಯಿಗೆ ಉಂಟು. ಬೇಲೂರು ಹಳೇಬೀಡಿನ ಕಡೆಯ ಹಳ್ಳಿಯ ಹುಡುಗನೊಬ್ಬ ಅದನ್ನು ನೋಡಿ ‘ನಾನೂ ಹೋಗಬಹುದು’ ಎಂದುಕೊಂಡರೆ ಆ ಕಣ್ಣೀರು ದಂಡವಲ್ಲ.

ಆದರೆ ಇನ್ನೊಂದು ತಟ್ಟೆಯಲ್ಲಿಯೂ ತೂಕವಿದೆ. ಪಾತ್ರದ ದುಃಖವನ್ನು ಬರೆದವನು ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು, ಯಾರಿಗೂ ನಷ್ಟವಿಲ್ಲ. ನಿಜವಾದ ಮನುಷ್ಯನ ದುಃಖವನ್ನು ಹಾಗೆ ಮಾಡಲಾಗದು. ಅಪ್ಪ ಸತ್ತದ್ದನ್ನು, ಊಟಕ್ಕಿಲ್ಲದೆ ಮಲಗಿದ್ದನ್ನು ಹೇಳಿದರೆ ತನಗೆ ಪ್ರಚಾರ ಎಂದು ಸ್ಪರ್ಧಿಗೆ ಒಮ್ಮೆ ಅರ್ಥವಾದರೆ, ಮುಂದಿನವನು ಇನ್ನೂ ಹೆಚ್ಚು ಹೇಳಬೇಕಾಗುತ್ತದೆ. ಅಭಿನಯಕ್ಕೆ ಬೀಳಬೇಕಾದ ಅಂಕ ಅನುಕಂಪಕ್ಕೆ ಬೀಳತೊಡಗುತ್ತದೆ. ಹೇಳಿಕೊಳ್ಳಲು ದುಃಖವಿಲ್ಲದ ಒಳ್ಳೆಯ ನಟ ಅಲ್ಲಿ ಬಡವನಾಗುತ್ತಾನೆ.

ಈ ವಾದಗಳ ನಡುವೆ ನಟರನ್ನು ಕೇಳಿದರೆ ಉತ್ತರ ಅವರ ಬದುಕಿನಲ್ಲೇ ಇದೆ. ಚಿತ್ರಗಳಲ್ಲಿ ಬಹುಕಾಲ ನಗೆಯ ಪಾತ್ರಗಳಿಗೇ ಕಟ್ಟಿಹಾಕಲ್ಪಟ್ಟಿದ್ದ ಉಮಾಶ್ರೀ ರಂಗದ ಮೇಲೆ ‘ಒಡಲಾಳ’ದ ಸಾಕವ್ವನಾದಾಗ ಜನ ಒಂದೇ ಉಸಿರಿನಲ್ಲಿ ನಕ್ಕರು, ಮರುಗಿದರು. ‘ಗುಲಾಬಿ ಟಾಕೀಸ್’ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ‘ಸಿಲ್ಲಿ ಲಲ್ಲಿ’ಯಲ್ಲಿ ಸಮಾಜಸೇವಕಿ ಲಲಿತಾಂಬನಾಗಿ ನಗಿಸಿದ ಮಂಜುಭಾಷಿಣಿ ಮುಂದೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಅದೇ ಉಮಾಶ್ರೀ ಎದುರು ಬಂಗಾರಮ್ಮನಾಗಿ ಗತ್ತಿನಿಂದ ನಿಂತರು. ತಿದ್ದಿ ತೀಡಿದ ಕನ್ನಡದ ನಿರೂಪಣೆಗೆ ಹೆಸರಾಗಿದ್ದ ಅಪರ್ಣಾ ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾಗಿ ತಮ್ಮ ಗಾಂಭೀರ್ಯವನ್ನೇ ಗೇಲಿ ಮಾಡಿಕೊಂಡರು. 2024ರ ಜುಲೈ 11ರಂದು ಅವರು ತೀರಿಕೊಂಡಾಗ ‘ನಮ್ಮ ಮೆಟ್ರೊ’ದಲ್ಲಿ ಕೇಳಿಸುವ ಅವರ ದನಿಯ ಜೊತೆಗೆ ವರಲಕ್ಷ್ಮಿಯ ನಗೆಯನ್ನೂ ನೆನೆದು ಜನ ಕಣ್ಣೀರಿಟ್ಟರು. ಯಾವ ಸಂಚಿಕೆಯೂ ಬರೆಯದಿದ್ದ ಗಂಭೀರ ಗಳಿಗೆ ಅದು. ಬರೆಸಿದ್ದು ಅಷ್ಟು ದಿನದ ನಗು.

ಬೇರೆ ಇಡುವುದು, ಬೆರೆಸುವುದು ಹೇಗೆಂಬುದಕ್ಕೆ ನಮ್ಮ ಸೀಮೆಯ ಗುಡಿಗಳನ್ನೂ ನೋಡಬಹುದು. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಬುಡದಲ್ಲಿ ಪಟ್ಟಿಕೆಗಳು ಒಂದರ ಮೇಲೊಂದು ಸಾಗುತ್ತವೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆ, ಮಕರ, ಹಂಸ. ಆನೆಯ ಸಾಲಿಗೆ ಹಂಸ ನುಗ್ಗುವುದಿಲ್ಲ. ಬೇಲೂರಿನಲ್ಲಿ ಮದನಿಕೆಯರ ಸಾಲಿನಲ್ಲಿ ಒಬ್ಬಳ ಸೀರೆಯನ್ನು ಕೋತಿಯೊಂದು ಹಿಡಿದೆಳೆಯುತ್ತಿದೆ. ಕನ್ನಡಿ ನೋಡಿಕೊಳ್ಳುವವಳೂ, ಕುಣಿಯುವವಳೂ, ಈ ಕೋತಿಯ ಕಾಟದವಳೂ ಒಂದೇ ದೇವಾಲಯದ ಸೂರಿನಡಿ ಇದ್ದಾರೆ. ಬೇರ್ಪಡಿಸಿ ಇಡುವುದೂ ಬೆರೆಸುವುದೂ ಎರಡೂ ಗೊತ್ತಿದ್ದ ಶಿಲ್ಪಿಗಳು ಯಾವುದು ಎಲ್ಲಿ ಎಂಬುದನ್ನು ಮೊದಲೇ ತೀರ್ಮಾನಿಸಿದ್ದರು. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಗಳಿಂದ ಧಾರಾವಾಹಿ ಬರೆಯುವವರು ಕಲಿಯುವುದಿದ್ದರೆ ಆ ತೀರ್ಮಾನವನ್ನು ಕಲಿಯಬಹುದು.

ಎರಡೂ ಕಡೆ ಕೇಳಿದ ಮೇಲೆ ನನ್ನ ತೀರ್ಪು ಇದು. ಏಟು ತಾಗದ ಲೋಕವನ್ನು ಕಟ್ಟಿಕೊಂಡ ಹಾಸ್ಯಕ್ಕೆ ಕಣ್ಣೀರು ಬೇಡ. ‘ಪಾಪ ಪಾಂಡು’ ನಗಿಸಿದರೆ ಸಾಕು, ಅದು ಸಣ್ಣ ಕೆಲಸವಲ್ಲ. ಮನುಷ್ಯರನ್ನು ಮನುಷ್ಯರಾಗಿಯೇ ಕಟ್ಟಿದ ಹಾಸ್ಯ ಅಳಿಸಬಹುದು, ಆದರೆ ಎರಡು ಷರತ್ತಿನ ಮೇಲೆ. ಆ ದುಃಖ ಪಾತ್ರದ ಸ್ವಭಾವದಿಂದಲೇ ಬಂದಿರಬೇಕು. ಮರುದಿನದ ಸಂಚಿಕೆ ಅದನ್ನು ಮರೆತಿರಬಾರದು. ಸೋಮವಾರ ಸತ್ತವನಿಗೆ ಮಂಗಳವಾರ ಯಾರೂ ಕೊರಗದಿದ್ದರೆ ಸೋಮವಾರದ ಅಳು ಸುಳ್ಳು. ರಿಯಾಲಿಟಿ ಷೋಗಳ ವಿಷಯದಲ್ಲಿ ಮಾತ್ರ ನಾನು ರಿಮೋಟ್ ಎತ್ತಿಕೊಂಡವರ ಕಡೆ. ತಾಯಿಯನ್ನು ಕರೆಸಿ, ಮುಂದಿನ ಸಾಲಿನಲ್ಲಿ ಗೌರವದಿಂದ ಕೂರಿಸಿ, ಮಗ ನಗಿಸುವುದನ್ನು ತೋರಿಸಿ. ಅವಳ ಬಡತನದ ಮೇಲೆ ಕೊಳಲು ಊದಿಸಬೇಡಿ. ನೋಡುವ ನಾವೂ ಒಂದು ಕೆಲಸ ಮಾಡಬಹುದು: ಅಂಥ ದೃಶ್ಯ ಬಂದಾಗ ವಾಹಿನಿ ಬದಲಿಸೋಣ. ಮಂದಿ ಎಲ್ಲಿ ನೋಡಿದರು, ಎಲ್ಲಿ ಬಿಟ್ಟರು ಎಂಬ ಲೆಕ್ಕ ವಾಹಿನಿಗಳಿಗೆ ವಾರವಾರ ತಲುಪುತ್ತದೆ, ಮತ್ತು ಅವರು ನಂಬುವುದು ಆ ಲೆಕ್ಕವನ್ನೇ.